ನಗದೆ ಎದ್ದು ಬಂದವನು

ಮಂಗಳವಾರ ಸಂಜೆ ಐದೂ ಐವತ್ತಕ್ಕೆ ಕೈಲಾಸ್ ಸತ್ತ ಸುದ್ದಿ ತನ್ಮಯಿಯ ಫೋನಿಗೆ ಬಂತು. ಆರೂವರೆಗೆ ಕೈಲಾಸನೇ ಬಂದು ಬಾಗಿಲು ತಟ್ಟಿದ.

ಸುದ್ದಿ ಕಳಿಸಿದ್ದು ಹಳೆಯ ಗೆಳತಿ. ಜೊತೆಗೊಂದು ಫೋಟೋ. ಚೌಕಟ್ಟಿನೊಳಗೆ ಕೈಲಾಸ್, ಚೌಕಟ್ಟಿಗೆ ಸುಗಂಧರಾಜದ ಹಾರ, ಮುಂದೆ ಉರಿಯುತ್ತಿರುವ ದೀಪ. ತನ್ಮಯಿ ಅವನ ನಂಬರಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮೂರು ವರ್ಷಗಳಲ್ಲಿ ಆ ನಂಬರಿಗೆ ಅವಳು ಮಾಡಿದ ಮೊದಲ ಕರೆ ಅದು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಕೂದಲು ಒರೆಸಿಕೊಳ್ಳದೆಯೇ ಹೊರಗೆ ಬಂದಳು.

ಕೈಲಾಸ್ ಚಾಮರಾಜಪೇಟೆಯ ಹುಡುಗ. ಬ್ಯಾಂಕಿನ ಕೆಲಸ ಬಿಟ್ಟು, ಮಲ್ಲೇಶ್ವರದ ಒಂದು ಸಣ್ಣ ಸಭಾಂಗಣದಲ್ಲಿ ಕನ್ನಡದ ಸ್ಟ್ಯಾಂಡಪ್ ಕಾಮಿಡಿ ಶುರುಮಾಡಿದವನು. ಅವನು ಹೇಳುತ್ತಿದ್ದ ಜೋಕುಗಳಲ್ಲಿ ಅರ್ಧದಷ್ಟು ತನ್ಮಯಿ ಬರೆದವು. ಹಗಲು ಅವಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದಳು. ಸಂಜೆ ಎನ್.ಆರ್. ಕಾಲೋನಿಯ ಇದೇ ಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಬರೆಯುತ್ತಿದ್ದರು. ಅವಳು ನಕ್ಕ ಜೋಕು ವೇದಿಕೆಗೆ ಹೋಗುತ್ತಿತ್ತು. ನಗದಿದ್ದದ್ದು ಅಲ್ಲೇ ಉಳಿಯುತ್ತಿತ್ತು.

ಒಂದು ವಿಡಿಯೊ ಊರಿಗೆಲ್ಲ ಹಬ್ಬಿತು. ಸಿನಿಮಾದವರು ಕರೆದರು. ಅವನನ್ನಷ್ಟೇ ಕರೆದರು. ಮೊದಲು ನಾಯಕನ ಗೆಳೆಯ, ಆಮೇಲೆ ನಾಯಕನ ದಡ್ಡ ತಮ್ಮ, ಈಗ ಸ್ವತಃ ನಾಯಕ. ಶೂಟಿಂಗ್ ಮುಗಿಸಿ ಬರ್ತೀನಿ ಎಂದು ಹೋದವನು ಬರಲಿಲ್ಲ. ಅವಳೂ ಕರೆಯಲಿಲ್ಲ.

ಈಗ ಅವನು ಹೊಸ್ತಿಲಾಚೆ ನಿಂತಿದ್ದ. ಹಣೆಯ ತುಂಬ ವಿಭೂತಿ. ತುಟಿಗೆ ಬೂದು ಬಣ್ಣ. ಮೂಗಿನ ಹೊಳ್ಳೆಯ ಅಂಚಿನಲ್ಲಿ ಹತ್ತಿಯ ಒಂದು ಎಳೆ ಅಂಟಿಕೊಂಡಿತ್ತು. ಮೈಯಿಂದ ಕರ್ಪೂರದ ವಾಸನೆ ಬರುತ್ತಿತ್ತು.

"ತನು, ನಾನು ಸತ್ತಿಲ್ಲ" ಎಂದ.

ಅವಳು ಬಾಗಿಲಿನ ಚಿಲಕ ಹಿಡಿದೇ ನಿಂತಳು.

"ಬಾಗಿಲ ಮೇಲೆ 'ನಾಳೆ ಬಾ' ಅಂತ ಬರ್ದಿಲ್ವಲ್ಲ, ಒಳಗೆ ಬರ್ಲಾ?"

"ಬರ್ದಿದ್ರೆ ನಾಳೆ ಬರ್ತಿದ್ಯಾ? ಹೇಳಿದ ದಿನ ಯಾವತ್ತು ಬಂದಿದೀಯ ನೀನು?"

ಮೊದಲಾಗಿದ್ದರೆ ಇದಕ್ಕೆ ಅವನು ಗೋಡೆಗೆ ಕೈಯೂರಿ ನಗುತ್ತಿದ್ದ. ಇಂದು ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅವಳಿಗೆ ಭಯವಾದದ್ದು ಆಗಲೇ.

ಅಮ್ಮ ಕಾವೇರಮ್ಮ ಮಠಕ್ಕೆ ಪ್ರವಚನ ಕೇಳಲು ಹೋಗಿದ್ದರು. ಕೈಲಾಸ್ ಒಳಗೆ ಬಂದು ತನ್ನ ಹಳೆಯ ಕುರ್ಚಿಯಲ್ಲಿ ಕೂತು, ನಡೆದದ್ದನ್ನು ಹೇಳಿದ.

ಚಾಮರಾಜಪೇಟೆಯ ಒಂದು ಹಳೆಯ ಮನೆಯಲ್ಲಿ ಶೂಟಿಂಗ್. ನಾಯಕ ಸತ್ತು ದೆವ್ವವಾಗುವ ಕಥೆ. ಹಾರ ಹಾಕಿದ ಫೋಟೋ ಆ ಸೆಟ್ಟಿನದು; ಯಾರೋ ಮೊಬೈಲಿನಲ್ಲಿ ತೆಗೆದು ಹೊರಗೆ ಕಳಿಸಿದ್ದರು. ಅವನನ್ನು ಬೆಳಿಗ್ಗೆಯಿಂದ ಬಿದಿರಿನ ಚಟ್ಟದ ಮೇಲೆ ಮಲಗಿಸಿದ್ದರು.

"ಹೆಣದ ಶಾಟ್ ಆದ್ಮೇಲೆ ಒಂದು ಶಾಸ್ತ್ರ ಇದೆ, ಗೊತ್ತಲ್ಲ? ಮಲಗಿದೋನು ಏಳೋ ಮುಂಚೆ ಕ್ಯಾಮೆರಾ ನೋಡಿ ನಗಬೇಕು. ಅದನ್ನೂ ಶೂಟ್ ಮಾಡ್ತಾರೆ. ಅಪಶಕುನ ಕಳೀಲಿ ಅಂತ."

"ಗೊತ್ತು. ನಗಲಿಲ್ವಾ?"

"ಬರಲಿಲ್ಲ ತನು. ಸತೀಶ್ ಸರ್, ನಮ್ಮ ಡೈರೆಕ್ಟರು, ತಾವೇ ಬಂದು ಕಚಗುಳಿ ಇಟ್ರು. ಯೂನಿಟ್ಟೆಲ್ಲ ನಗ್ತಿದೆ, ನನಗೆ ಬರ್ತಿಲ್ಲ. ಬೆಳಕು ಹೋಗ್ತಿತ್ತು. ಪರ್ವಾಗಿಲ್ಲ ಏಳಪ್ಪಾ ಅಂದ್ರು. ಎದ್ದೆ."

"ಆಮೇಲೆ?"

"ಗಾಂಧಿಬಜಾರಿನ ಮಧ್ಯೆ ನಡ್ಕೊಂಡು ಬಂದೆ. ಒಬ್ರೂ ನನ್ನ ಕಡೆ ನೋಡ್ಲಿಲ್ಲ. ದಿನಾ ಸೆಲ್ಫಿ ಸೆಲ್ಫಿ ಅಂತ ಮೈಮೇಲೆ ಬೀಳೋರು! ಆಟೋಗೆ ಕೈ ತೋರಿಸ್ದೆ, ನಿಲ್ಲಿಸ್ಲಿಲ್ಲ."

"ಅದು ಬದುಕಿರೋರಿಗೂ ನಿಲ್ಲಿಸಲ್ಲ."

"ನನ್ನ ಫೋನ್ ಸತ್ತಿತ್ತು. ಅಂಗಡಿಯಿಂದ ಅಜ್ಜಿಗೆ ಮಾಡ್ದೆ. ಯಾರು, ಯಾರು, ಧ್ವನೀನೇ ಕೇಳ್ತಿಲ್ಲ ಅಂತ ಇಟ್ಬಿಟ್ರು."

ಅಷ್ಟರಲ್ಲಿ ಅರೆ ತೆರೆದ ಬಾಗಿಲಲ್ಲಿ ಕೆಳಗಿನ ಮನೆಯ ವರದರಾಜರು ನಿಂತರು. ಕೈಲಾಸ್ ಅವರ ಎದುರಿಗೇ, ನಾಲ್ಕು ಅಡಿ ದೂರದಲ್ಲಿ ಕೂತಿದ್ದ.

"ಸುದ್ದಿ ನೋಡಿದ್ಯೇನಮ್ಮಾ? ಪಾಪ, ಎಷ್ಟು ಒಳ್ಳೇ ಹುಡುಗ. ಇಲ್ಲೇ ಕೂತು ಹರಟೆ ಹೊಡೀತಿದ್ದ." ಅವರು ಕೈಲಾಸನ ಭುಜದ ಮೇಲಿಂದ ಕಿಟಕಿಯ ಕಡೆ ನೋಡಿದರು. "ಅಮ್ಮ ಇಲ್ವಾ? ಹೀಗೆ ಒಬ್ಬಳೇ ಕೂರಬೇಡ. ದೀಪ ಹಾಕು."

ದೀಪ ಹಾಕಿಯೇ ಇತ್ತು. ವರದರಾಜರು ಮೆಟ್ಟಿಲಿಳಿದು ಹೋದರು. ಅವರ ಕನ್ನಡಕ ಕಣ್ಣಿಗಿರಲಿಲ್ಲ, ಎದೆಯ ಮೇಲೆ ದಾರದಲ್ಲಿ ನೇತಾಡುತ್ತಿತ್ತು. ಇದನ್ನು ತನ್ಮಯಿ ಕಂಡಿದ್ದಳು. ಆದರೂ ಕೈಲಾಸನ ಹತ್ತಿರಕ್ಕೆ ಹೋದಳು.

"ಕೈ ಕೊಡು" ಎಂದಳು.

ಕೊಟ್ಟ. ಫ್ರಿಜ್ಜಿನಿಂದ ತೆಗೆದ ಪಾತ್ರೆಯ ಹಾಗಿತ್ತು. ಹಿಡಿದೇ ಇದ್ದಳು, ಬಿಸಿಯಾಗಲಿಲ್ಲ.

"ನಗು. ನಾನು ವಿಡಿಯೊ ಮಾಡ್ತೀನಿ. ಶಾಸ್ತ್ರ ಮುಗಿದುಹೋಗಲಿ."

ಫೋನ್ ಎತ್ತಿದಳು. ಮುಖ ಸಿಕ್ಕಿದರೆ ತೆರೆಯ ಮೇಲೆ ಒಂದು ಹಳದಿ ಚೌಕ ಮೂಡಬೇಕು. ಚೌಕ ಮೂಡಿತು. ಕೈಲಾಸನ ಮುಖದ ಮೇಲಲ್ಲ, ಅವನ ಹಿಂದೆ ಗೋಡೆಯಲ್ಲಿದ್ದ ತಾತನ ಫೋಟೋದ ಮೇಲೆ. ಫೋನನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಚೌಕ ತಾತನನ್ನು ಬಿಡಲಿಲ್ಲ. ಅವನಿಗೆ ಹೇಳಲಿಲ್ಲ. ರೆಕಾರ್ಡ್ ಒತ್ತಿ, ಫೋನನ್ನು ಟೀಪಾಯಿಯ ಮೇಲೆ ನೀರಿನ ಚೊಂಬಿಗೆ ಒರಗಿಸಿದಳು.

ಹಳೆಯ ಜೋಕುಗಳನ್ನು ಒಂದೊಂದಾಗಿ ಹೇಳಿದಳು. ಒಂದು ಕಾಲಕ್ಕೆ ಅವನನ್ನು ಕುರ್ಚಿಯಿಂದ ಕೆಳಗೆ ಬೀಳಿಸಿದವು. ಅವನು ಪಾಠ ಕೇಳುವವನ ಹಾಗೆ ಕೇಳಿಸಿಕೊಂಡ.

"ಯಾಕೋ ನಗು ಬರ್ತಿಲ್ಲ? ನಿಜ ಹೇಳು."

ಅವನು ಹಣೆಯ ವಿಭೂತಿ ಮುಟ್ಟಿ ನೋಡಿಕೊಂಡ. "ಕಣ್ಮುಚ್ಚಿ ಮಲಗಿದ್ನಲ್ಲ. ಸುತ್ತ ಜೂನಿಯರ್ ಆರ್ಟಿಸ್ಟ್‌ಗಳು ಅಳ್ತಿದ್ರು. ತುಂಬಾ ಚೆನ್ನಾಗಿ ಅಳ್ತಿದ್ರು. ನಿಜವಾಗಿ ಸತ್ರೆ ತನು ಬರ್ತಾಳಾ ಅಂತ ಯೋಚನೆ ಬಂತು. ಬರಲ್ಲ ಅನ್ನಿಸ್ತು. ಆಮೇಲೆ ನಗೋಕಾಗಲಿಲ್ಲ."

ಹೊರಗೆ ಬೀದಿನಾಯಿಯೊಂದು ಊಳಿಟ್ಟು ನಿಲ್ಲಿಸಿತು. ಕೈಲಾಸ್ ಅವಳ ಕೂದಲನ್ನು ನೋಡುತ್ತಿದ್ದ. ಅದರ ತುದಿಯಿಂದ ನೀರು ತೊಟ್ಟಿಕ್ಕಿ ಕುರ್ತಾದ ಹೆಗಲು ಒದ್ದೆಯಾಗಿತ್ತು.

"ಸಾಯಂಕಾಲ ಯಾಕೆ ತಲೆಗೆ ಸ್ನಾನ ಮಾಡಿದೀಯ?"

"ಸುಮ್ನೆ."

"ತನು."

"ನಮ್ಮಲ್ಲಿ ಸಾವಿನ ಸುದ್ದಿ ಬಂದ್ರೆ ತಲೆ ಮೇಲೆ ನೀರು ಹಾಕ್ಕೋತಾರೆ."

"ಯಾರು ಸತ್ರೂನಾ?"

"ಮನೆಯವರು ಸತ್ರೆ."

ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು.

"ನಾನು ಯಾವಾಗಿಂದ ನಿಮ್ಮ ಮನೆಯವನು?"

"ಐದೂ ಐವತ್ತರಿಂದ" ಎಂದಳು. "ಅದಕ್ಕೂ ಮುಂಚಿಂದ್ಲೇ. ನನಗೇ ಗೊತ್ತಿರಲಿಲ್ಲ. ನೀರು ಸುರ್ಕೊಂಡಾಗ ಗೊತ್ತಾಯ್ತು."

ಅವನು ಹುಬ್ಬು ಗಂಟಿಕ್ಕಿದ. "ಆದ್ರೆ ನಾವು ಲಿಂಗಾಯತರು, ಮಾರಾಯ್ತಿ. ನಮ್ಮನೇಲಿ ಸೂತಕ ಅನ್ನೋದೇ ಇಲ್ಲ. ನಾನು ನಿಜವಾಗಿ ಸತ್ರೂ ನಮ್ಮಜ್ಜಿ ಬಸವಮ್ಮ ತಲೆ ಮೇಲೆ ನೀರು ಹಾಕ್ಕೊಳಲ್ಲ. ಇಷ್ಟು ದೊಡ್ಡ ಊರಲ್ಲಿ ನನ್ನ ಸೂತಕ ಹಿಡಿದಿರೋಳು ನೀನೊಬ್ಬಳೇನಾ?"

"ತಣ್ಣೀರು ಕಣೋ! ಗೀಸರ್ ಹಾಕೋಕೂ ತೋಚಲಿಲ್ಲ" ಎಂದು ಹೇಳುತ್ತಲೇ ತನ್ಮಯಿ ಜೋರಾಗಿ ಸೀನಿದಳು.

ಮೊದಲು ಬಂದ ಸದ್ದು ಪಕ್ಕದ ಕೋಣೆಯಿಂದ ಬಂದ ಹಾಗಿತ್ತು. ಒಣಗಿದ, ಯಾರದೋ ಸದ್ದು. ಅವಳು ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಅದು ಅವನ ಗಂಟಲಿಗೆ ಬಂತು, ಎದೆಗೆ ಇಳಿಯಿತು, ಭುಜ ಕುಲುಕಿಸಿತು. ಬೂದು ತುಟಿಗಳು ಬಿರಿದು ಒಳಗಿನ ಕೆಂಪು ಕಾಣಿಸಿತು. ಕೈಲಾಸ್ ನಗುತ್ತಿದ್ದ. ನಗುತ್ತ ಅಳುತ್ತಿದ್ದ. ಟೀಪಾಯಿಯ ಮೇಲೆ ಫೋನ್ ಇನ್ನೂ ರೆಕಾರ್ಡ್ ಮಾಡುತ್ತಿತ್ತು.

"ಇನ್ನು ಹೋಗಲ್ಲ" ಎಂದ.

"ಶೂಟಿಂಗಿಗೆ ಹೋಗು. ಸಂಜೆ ಬಾ. ನಾಯಕನಿಗೂ ಜೋಕು ಯಾರಾದ್ರೂ ಬರೀಬೇಕಲ್ಲ."

ಅವನ ಕೈ ಇನ್ನೂ ತಣ್ಣಗೇ ಇತ್ತು. ಅವಳು ಬಿಡಲಿಲ್ಲ.

"ಯಾರದೇ ಇದು, ಹೊರಗಡೆ ಚಪ್ಪಲಿ?" ಎನ್ನುತ್ತ ಕಾವೇರಮ್ಮ ಒಳಗೆ ಬಂದರು. ಪ್ರವಚನಕ್ಕೆ ಅವರು ಫೋನ್ ಒಯ್ಯುವುದಿಲ್ಲ. ಸುದ್ದಿ ಅವರಿಗೆ ತಿಳಿದಿರಲಿಲ್ಲ. ಇಬ್ಬರೂ ಉಸಿರು ಹಿಡಿದರು. ಕಾವೇರಮ್ಮ ನೇರವಾಗಿ ಅವನ ಮುಖವನ್ನೇ ನೋಡಿದರು.

"ಏನೋ ಕೈಲಾಸ, ಅವತಾರ? ಮುಖ ತೊಳ್ಕೊಂಡು ಬಾ. ಕಾಫಿ ಇಡ್ತೀನಿ."

ಮರುದಿನ ಬೆಳಿಗ್ಗೆ ಚಿತ್ರತಂಡ ವದಂತಿಯನ್ನು ನಿರಾಕರಿಸಿ ಹೇಳಿಕೆ ಕೊಟ್ಟಿತು. ಮುಂದಿನ ತಿಂಗಳು ಬಸವನಗುಡಿಯ ವಿವಾಹ ನೋಂದಣಿ ಕಚೇರಿಯ ಬೋರ್ಡಿನ ಮೇಲೆ ಇಬ್ಬರ ಹೆಸರಿನ ನೋಟಿಸು ಅಂಟಿಸಲಾಯಿತು. ಆಕ್ಷೇಪಣೆ ಯಾವುದೂ ಬರಲಿಲ್ಲ.