ಎದುರು ಬದಿಯ ಮೊಳೆಗಳು

ಗೆಂಟ್ ಪಟ್ಟಣದಲ್ಲಿ ಚಿತ್ರಕಾರರಿಗೆ ಮರದ ಚೌಕಟ್ಟಿನ ಮೇಲೆ ಕ್ಯಾನ್ವಾಸ್ ಬಿಗಿದುಕೊಡುವುದು ನನ್ನ ಮತ್ತು ಓಮೇರನ ಕೆಲಸವಾಗಿತ್ತು. ಅವನು ಸೋಂಪಿನ ಮಿಠಾಯಿ ಚೀಪುವ ಬಾಯಲ್ಲೇ ಸಣ್ಣ ಮೊಳೆಗಳನ್ನೂ ಇಟ್ಟುಕೊಳ್ಳುತ್ತಿದ್ದ. "ಒಂದಿನ ಮೊಳೆ ನುಂಗಿ ಸಾಯ್ತೀಯ ಕಣೋ" ಎಂದು ರೇಗಿಸುತ್ತಿದ್ದೆ. ಪಾಪ, ಅವನು ಸತ್ತದ್ದು ನಿದ್ದೆಯಲ್ಲಿ.

ಅವನು ಹೋದ ಮೂರನೇ ವಾರ, ಇಬ್ಬರು ಎದುರುಬದುರು ನಿಂತು ಬಿಗಿಯಬೇಕಾದ ಆಳೆತ್ತರದ ಬಟ್ಟೆಯೊಂದು ನನ್ನೊಬ್ಬನ ಪಾಲಿಗೆ ಬಂತು. ಅಂಗಡಿಯ ಒಡತಿ ಮಾರ್ಲೀನ್ ನನ್ನ ಊದಿದ ಮಣಿಕಟ್ಟು ನೋಡಿದಳು. "ಹಿಲೇರ್, ಇದು ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಮನೇಲಿ ಆರಾಮಾಗಿರಿ" ಎಂದು ಹೇಳಿ ಕಾಫಿ ತರಲು ಹೋದಳು.

ಮೊದಲ ಮೊಳೆ ಹೊಡೆದು ಬಟ್ಟೆಯ ಅಂಚನ್ನು ಇಕ್ಕಳದಿಂದ ಎಳೆದೆ. ಎದುರು ಬದಿಯಿಂದಲೂ ಬಟ್ಟೆ ಬಿಗಿಯಾಯಿತು. ನನ್ನ ಸುತ್ತಿಗೆಯ ಏಟಿನ ಬೆನ್ನಿಗೇ ಅತ್ತ ಇನ್ನೊಂದು ಸುತ್ತಿಗೆಯ ಏಟು ಕೇಳಿಸಿತು. ಒಡತಿಯೇ ಮರಳಿ ಬಂದು ಕೈಜೋಡಿಸಿದ್ದಾಳೆಂದು ನಾಚಿಕೆಯಾಗಿ ತಲೆ ಎತ್ತಲಿಲ್ಲ. ನಡುವಿನಿಂದ ಮೂಲೆಗಳ ಕಡೆಗೆ ಮೊಳೆ ಹೊಡೆಯುತ್ತಾ ಸಾಗಿದೆ.

ಕೊನೆಯ ಮೊಳೆ ಇಳಿದಾಗ ಬಾಗಿಲು ತೆರೆಯಿತು. ಮಾರ್ಲೀನ್ ಎರಡು ಲೋಟ ಕಾಫಿ ಹಿಡಿದು ಒಳಬಂದಳು. ಬಟ್ಟೆಯನ್ನು ಬೆರಳಿನಿಂದ ಬಡಿದಾಗ ಅದು ತಮಟೆಯಂತೆ ನುಡಿಯಿತು.

"ಪರವಾಗಿಲ್ವೇ! ನಾಳೆ ಎಂಟಕ್ಕೆ ಬಂದ್ಬಿಡಿ" ಎಂದಳು. ಆಮೇಲೆ ಎದುರು ಬದಿ ಮುಟ್ಟಿ ಬೆರಳು ಒರೆಸಿಕೊಂಡಳು. "ಥೂ, ನೀವೂ ಮೊಳೆನ ಬಾಯಲ್ಲಿಟ್ಕೊಳ್ಳೋಕೆ ಶುರು ಮಾಡಿದ್ರಾ?"

ನಾನು ಮೊಳೆ ತೆಗೆದದ್ದು ಡಬ್ಬಿಯಿಂದ. ನನ್ನ ಬದಿಯವು ಒಣಗಿದ್ದವು. ಆ ಬದಿಯವು ಒದ್ದೆಯಾಗಿ, ಬೆಚ್ಚಗಿದ್ದು, ಸೋಂಪಿನ ವಾಸನೆ ಸೂಸುತ್ತಿದ್ದವು.