ಕಿಟಕಿ ಕಡೆಯ ಕೈ

"ಬಲಗೈ ಅಂದ್ರೆ ಯಾವುದು ಅಂತ ಗೊತ್ತಾಗಲ್ವೇನ್ರೀ ನಿಮಗೆ?"

ಅವಳು ಅವನ ಜೊತೆ ಆಡಿದ ಮೊಟ್ಟಮೊದಲ ಮಾತು ಇದು. ಅವನು ಅವತ್ತೇ ಲಾಂಡ್ರಿಗೆ ಸೇರಿದ್ದ ಹೊಸಬ. ಉದ್ದನೆಯ ಕೈ, ಸುಮ್ಮನಿದ್ದಾಗಲೂ ನಗುವ ಮುಖ. ಡಬಲ್ ಬೆಡ್‌ಶೀಟಿನ ಈಚೆಯ ಎರಡು ಮೂಲೆ ಅವಳ ಕೈಯಲ್ಲಿ, ಆಚೆಯ ಎರಡು ಮೂಲೆ ಅವನ ಕೈಯಲ್ಲಿ. ನಡುವೆ ಬೆಡ್‌ಶೀಟು ಹಿಂಡಿದ ಟವೆಲ್ಲಿನ ಹಾಗೆ ತಿರುಚಿಕೊಂಡು ನೇತಾಡುತ್ತಿತ್ತು.

"ಬಲಗೈನೇ ತಂದೆ ಕಣ್ರೀ." ಅವನು ಕೈ ಎತ್ತಿ ತೋರಿಸಿದ. "ಇದೇ ತಾನೇ? ಹಲ್ಲುಜ್ಜೋದು ಇದರಲ್ಲೇ."

"ನಾನೂ ಬಲಗೈನೇ ತಂದಿದ್ದು. ನಾನೂ ಹಲ್ಲುಜ್ಜೋದು ಇದರಲ್ಲೇ."

"ಮತ್ತೆ ಯಾಕೆ ಹಿಂಗಾಯ್ತು?"

ಯಾಕೆಂದು ಅವಳಿಗೂ ಹೊಳೆದಿರಲಿಲ್ಲ. ಅದೇ ಅವಳ ಸಿಟ್ಟು.

ಕಲಿಯುವುದರಲ್ಲಿ ನಿಧಾನ ಎಂದು ಶಾಲೆಗಳು ಕೈಚೆಲ್ಲಿದವರಿಗೆ ಕೆಲಸ ಕಲಿಸುವ ಲಾಂಡ್ರಿ ಅದು. ಹೋಟೆಲು, ನರ್ಸಿಂಗ್ ಹೋಮುಗಳ ಬಟ್ಟೆ ಒಗೆದು, ಒಣಗಿಸಿ, ಮಡಿಸಿ ಕೊಟ್ಟು, ಆ ದುಡಿಮೆಯಲ್ಲೇ ನಡೆಯುತ್ತಿತ್ತು. ನೋಡಲು ಬಂದವರು ಯಾರಾದರೂ "ಪಾಪ" ಎಂದರೋ, ಕೆಲಸ ಕಲಿಸುವ ಟೀಚರ್ ಬಂದವರ ಕೈಗೊಂದು ದಿಂಬಿನ ಕವರ್ ಕೊಟ್ಟು "ನೀವೊಂದು ಮಡಿಸಿ ನೋಡೋಣ" ಎನ್ನುತ್ತಿದ್ದರು. ಮೂವತ್ತು ವರ್ಷ ದೊಡ್ಡ ಹೋಟೆಲುಗಳ ಬಟ್ಟೆ ವಿಭಾಗ ಆಳಿದ ಹೆಂಗಸು ಅವರು. ಅವರ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ.

ಆ ಟೀಚರೇ ಬೋರ್ಡಿನ ಮೇಲೆ "ಬಲಗೈ ಎಡಗೈಗೆ" ಎಂದು ಬರೆದಿದ್ದರು. ದಿನವೂ ಅದನ್ನೇ ಕೂಗಿ ಹೇಳುತ್ತಿದ್ದರು. ದಿನವೂ ಅರ್ಧಕ್ಕರ್ಧ ಬೆಡ್‌ಶೀಟುಗಳು ತಿರುಚಿಕೊಳ್ಳುತ್ತಿದ್ದವು. ತಮ್ಮ ತಲೆಯೇ ಸರಿಯಿಲ್ಲ ಎಂದುಕೊಂಡು ಎಲ್ಲರೂ ಸುಮ್ಮನಿದ್ದರು.

ಅವಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತಳು. ಅಕ್ಷರಗಳು ಅವಳಿಗೆ ಇಪ್ಪತ್ತಾರನೇ ವಯಸ್ಸಿಗೂ ಕೈಗೆ ಸಿಗದೆ ಜಾರುತ್ತಿದ್ದವು, ಆದರೆ ಬಟ್ಟೆ ಎಂದೂ ಜಾರಿದ್ದಿಲ್ಲ. ಕಣ್ಣು ಬಿಟ್ಟವಳೇ ಕರೆದಳು. "ಟೀಚರ್, ಆ ತುದಿ ನೀವು ಹಿಡೀರಿ."

ಟೀಚರ್ ಹಿಡಿದರು. ತಾವು ಬರೆದದ್ದನ್ನೇ ತಾವು ಮಾಡಿದರು. ಬೆಡ್‌ಶೀಟು ಅವರ ಕೈಯಲ್ಲೂ ತಿರುಚಿಕೊಂಡಿತು.

"ನಾವು ಎದುರುಬದುರು ನಿಂತಿದೀವಲ್ಲ ಟೀಚರ್. ನನ್ನ ಬಲಗೈ ಕಿಟಕಿ ಕಡೆ ಇದೆ. ನಿಮ್ಮದು ಬಾಗಿಲ ಕಡೆ ಇದೆ. ಇಬ್ಬರೂ ಕಿಟಕಿ ಕಡೆ ಕೈ ತರಬೇಕು. ಅಷ್ಟೇ."

ಟೀಚರ್ ಬೆಡ್‌ಶೀಟನ್ನೂ ಅವಳನ್ನೂ ನೋಡಿದರು. "ನನ್ನ ಕೈಗೆ ಗೊತ್ತಿತ್ತು ಕಣಮ್ಮ. ಬಾಯಿಗೆ ಗೊತ್ತಿರಲಿಲ್ಲ" ಎಂದು ಬೋರ್ಡು ಅಳಿಸಿ, ಅಲ್ಲೊಂದು ಕಿಟಕಿಯ ಚಿತ್ರ ಬರೆದರು. ಅವತ್ತಿನಿಂದ ಇಡೀ ಲಾಂಡ್ರಿ ಅವಳ ಮಾತಿನಂತೆ ಮಡಿಸತೊಡಗಿತು.

"ಅಬ್ಬಾ!" ಎಂದ ಹೊಸಬ. "ಮಹಾರಾಣಿ ಕಣ್ರೀ ನೀವು."

ಅವಳು ಗದ್ದ ಎತ್ತಿದಳು. ಆ ಹೆಸರು ಅವಳಿಗೆ ಅಂಟಿತು. ಬಾಯಿಗೆ ಬಿಡುವಿಲ್ಲದ ಅವನಿಗೆ ಅವಳು ವಟವಟ ಎಂದು ಹೆಸರಿಟ್ಟಳು, ಅದೂ ಅಂಟಿತು.

ದೊಡ್ಡ ಬೆಡ್‌ಶೀಟಿಗೆ ಇಬ್ಬರು ಬೇಕು. ದೂರ ನಿಂತು ಎಳೆದು ಕೊಡವಬೇಕು, ಕಿಟಕಿ ಕಡೆ ಕೈಯನ್ನು ಬಾಗಿಲ ಕಡೆಗೆ ತರಬೇಕು, ಇನ್ನೊಮ್ಮೆ ತರಬೇಕು, ಆಮೇಲೆ ಒಬ್ಬರ ಹತ್ತಿರ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ನಾಲ್ಕೇ ಹೆಜ್ಜೆ. ಆ ನಾಲ್ಕು ಹೆಜ್ಜೆಯೂ ಅವನು ಅವಳ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ.

ಅವಳು ಬೇಕೆಂದೇ ಬೆಡ್‌ಶೀಟಿನ ಅಂಚು ನೋಡುತ್ತಿದ್ದಳು. ಕೊನೆಯ ಹೆಜ್ಜೆಗೆ ಮಾತ್ರ ಒಮ್ಮೆ ರೆಪ್ಪೆ ಎತ್ತುವಳು. ಅಷ್ಟಕ್ಕೇ ಅವನ ಕಿವಿ ಕೆಂಪಾಗುತ್ತಿತ್ತು. ಬೆರಳಿಗೆ ಬೆರಳು ತಾಗಿ, ಮೂಲೆ ಅವಳ ಕೈ ಸೇರಿ, ಅವನು ಬಗ್ಗಿ ಕೆಳಗಿನ ಮಡಿಕೆ ಹಿಡಿಯುವಾಗ ಅವನ ಕೂದಲಲ್ಲಿ ಸೋಪಿನ ವಾಸನೆ. ದಿನಕ್ಕೆ ಅರವತ್ತು ಬೆಡ್‌ಶೀಟು. ಅರವತ್ತು ಸಲ ದೂರವಾಗಿ ಅರವತ್ತು ಸಲ ಹತ್ತಿರವಾಗುವ ಭಾಗ್ಯ ಯಾವ ಪ್ರೇಮಿಗಳಿಗುಂಟು!

ಹಾಗೇ ಒಂದು ಮಂಗಳವಾರ, ಮೂಲೆ ಕೈಗೆ ಕೊಡುತ್ತಾ ಅವನು ಕೇಳಿಯೇಬಿಟ್ಟ. "ಮಹಾರಾಣಿ, ನನ್ನ ಮದುವೆ ಆಗ್ತೀಯಾ?"

"ಮೂಲೆ ಸರಿಯಾಗಿ ಹಿಡಿ."

"ಹಿಡಿದಿದೀನಿ. ಆಗ್ತೀಯಾ?"

"ಮೊದಲು ಹೊರಗೆ ಕೆಲಸ ಸಿಗಲಿ."

ಇಷ್ಟವಿಲ್ಲದೆ ಹೇಳಿದ ಮಾತಲ್ಲ. ಅವನೆಂದರೆ ಅವಳಿಗೆ ಪ್ರಾಣ. ಆದರೆ ಮನೆಯಲ್ಲಿ ಅವಳಿನ್ನೂ ಅಮ್ಮನ "ಕೂಸು". ಬಾಗಿಲು ತಟ್ಟಿದವರ ಮುಂದೆಲ್ಲ "ನನ್ನ ಕೂಸಿಗೆ ಏನೂ ತಿಳಿಯಲ್ಲ" ಎಂದು ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಕೂಸಾಗಿ ಮದುವೆಯಾಗಲು ಅವಳಿಗೆ ಮನಸ್ಸಿರಲಿಲ್ಲ. ದುಡಿಯುವ ಹೆಂಗಸಾಗಿ, ತನ್ನ ಬಾಯಲ್ಲಿ ತಾನೇ ಹೂಂ ಎನ್ನಬೇಕಿತ್ತು.

ಅವನು ಮರುದಿನವೂ ಕೇಳಿದ, ಅದರ ಮರುದಿನವೂ. "ಇವತ್ತು?" "ಇಲ್ಲ." ಕೇಳುವುದೇ ಒಂದು ಸುಖವಾಗಿತ್ತು ಇಬ್ಬರಿಗೂ.

ಕೆಲಸದ ಸುದ್ದಿ ಟೀಚರ್ ತಂದರು. ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಎರಡು ಜಾಗ ಖಾಲಿ. ಒಂದು ದಿನ ಕೆಲಸ ಮಾಡಿಸಿ ನೋಡಿ ತೆಗೆದುಕೊಳ್ಳುತ್ತಾರಂತೆ. "ನೀವಿಬ್ಬರೂ ಹೊರಡಿ."

ಬಸ್ಸಿಳಿದು ಹೋಟೆಲಿನ ಹಿಂಬಾಗಿಲಿಂದ ಇಬ್ಬರೂ ಮೆಟ್ಟಿಲಿಳಿದರು. ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಒಂದು ಗೋಡೆಗೆ ಸಾಲಾಗಿ ಡ್ರೈಯರ್ ಮೆಷಿನ್ನುಗಳು, ತಲೆಯ ಮೇಲೆ ಟ್ಯೂಬ್‌ಲೈಟು. ವಾಚು ಕಟ್ಟಿದ ಸೂಪರ್‌ವೈಸರ್ ಬಿಸಿಬಿಸಿ ಬೆಡ್‌ಶೀಟುಗಳ ಗಾಡಿ ತಳ್ಳಿ, "ಶುರು ಮಾಡಿ" ಎಂದ.

ಅವಳು ಎಳೆದಳು, ಕೊಡವಿದಳು, "ಕಿಟಕಿ..." ಎಂದಳು. ಅಲ್ಲಿಗೇ ನಿಂತಳು. ಅಲ್ಲಿ ಕಿಟಕಿಯೇ ಇರಲಿಲ್ಲ.

ವಟವಟ ಸುತ್ತಲೂ ತಿರುಗಿ ಕಿಟಕಿ ಹುಡುಕಿದ. ಸಿಗಲಿಲ್ಲ. ಸಿಕ್ಕಿದ ಕೈ ತಂದ. ಬೆಡ್‌ಶೀಟು ತಿರುಚಿಕೊಂಡಿತು. ಸೂಪರ್‌ವೈಸರ್ ಕಾಗದದ ಮೇಲೆ ಏನೋ ಗೀಚಿದ. ಒಂದು ವರ್ಷದ ಕಲಿಕೆ, ಅವನಿಗೆ ಹೇಳಬೇಕಾದ ಆ ಒಂದು ಹೂಂ, ಎಲ್ಲಾ ಈ ನೆಲಮಾಳಿಗೆಯಲ್ಲಿ ಮಣ್ಣುಪಾಲಾಗುತ್ತದೇನೋ ಎಂದು ಅವಳಿಗೆ ಅನ್ನಿಸಿತು.

ಮತ್ತೆ ಕಣ್ಣು ಮುಚ್ಚಿದಳು. ಎಡಗೆನ್ನೆ ಬೆಚ್ಚಗಿತ್ತು. ಬಲಗೆನ್ನೆ ತಣ್ಣಗಿತ್ತು.

"ಬಿಸಿ ಕಡೆ!" ಎಂದು ಕೂಗಿದಳು. "ಮೆಷಿನ್ ಕಡೆ ಕೈ ತಾ!"

ಅವನ ಮುಖ ಅರಳಿತು. ಬೆಡ್‌ಶೀಟು ನೆಟ್ಟಗಾಯಿತು. ಅಲ್ಲಿಂದ ಮುಂದೆ ಎಳೆ, ಕೊಡವು, ಬಿಸಿ ಕಡೆ, ನಾಲ್ಕು ಹೆಜ್ಜೆ. ಸೂಪರ್‌ವೈಸರ್ ಗೀಚುವುದನ್ನೇ ಮರೆತು ನೋಡುತ್ತಾ ನಿಂತ.

ಊಟದ ನಂತರ ಆತ ಇಬ್ಬರನ್ನೂ ಬೇರೆ ಮಾಡಿದ. ಅವಳ ಎದುರಿಗೆ ಹೋಟೆಲಿನ ಚುರುಕು ಕೈಯ ಹೆಂಗಸೊಬ್ಬಳು. ಮಹಾರಾಣಿ ಒಂದಿಷ್ಟೂ ಹಿಂದೆ ಬೀಳಲಿಲ್ಲ. ಇನ್ನೊಂದು ಮೂಲೆಯಲ್ಲಿ ವಟವಟ ತನ್ನ ಜೊತೆಗಾರನ ಮನೆಮಂದಿಯನ್ನೆಲ್ಲಾ ವಿಚಾರಿಸಿಕೊಳ್ಳುತ್ತಿದ್ದ. ಒಂದು ಕೂದಲೆಳೆ ಸೊಟ್ಟ ಕಂಡರೂ ಬಿಚ್ಚಿ ಮತ್ತೆ ಮಡಿಸುತ್ತಿದ್ದ. ಸಂಜೆಗೆ ಅವಳ ಅಟ್ಟಿ ಎದೆಮಟ್ಟ, ಅವನದು ಮೊಣಕಾಲುಮಟ್ಟ.

"ನೀವು ಸೋಮವಾರ ಬನ್ನಿ," ಸೂಪರ್‌ವೈಸರ್ ಅವಳಿಗೆ ಹೇಳಿದ. ಅವನ ಕಡೆ ತಿರುಗಿ, "ನಿಮ್ಮ ಕೆಲಸ ಚೆನ್ನಾಗಿದೆ, ಆದ್ರೆ ನಮಗೆ ಇಷ್ಟು ನಿಧಾನ ಆಗಲ್ಲಪ್ಪ."

ಬಸ್ಸಿನಲ್ಲಿ ವಟವಟ ಕಂಡಕ್ಟರಿಗೂ, ಪಕ್ಕದ ಸೀಟಿನ ಅಜ್ಜಿಗೂ, ಹಿಂದಿನ ಸೀಟಿನವರಿಗೂ ಸುದ್ದಿ ಹೇಳಿದ. "ಇವಳಿಗೆ ಹೋಟೆಲಲ್ಲಿ ಕೆಲಸ ಸಿಕ್ತು! ನಮ್ಮ ಮಹಾರಾಣಿಗೆ!" ಅವನ ಕಣ್ಣಲ್ಲಿ ನೀರಿತ್ತು, ಹೆಮ್ಮೆಯದು. ಆದರೆ ತನ್ನ ಸ್ಟಾಪಿನಲ್ಲಿ ಇಳಿಯುವಾಗ ಅವನು ಆ ದಿನದ ಪ್ರಶ್ನೆ ಕೇಳಲಿಲ್ಲ.

ಅವಳು ಹೂಂ ಎನ್ನಲು ಬಾಯಿ ತೆರೆದು ಕೂತಿದ್ದಳು. ಬಸ್ಸು ಹೊರಟುಬಿಟ್ಟಿತು.

ಸೋಮವಾರ ಬಂತು, ಕೆಲಸ ಶುರುವಾಯಿತು. ವಾರದೊಳಗೆ ನೆಲಮಾಳಿಗೆಯವರೆಲ್ಲ "ಬಿಸಿ ಕಡೆ, ಬಿಸಿ ಕಡೆ" ಎನ್ನುತ್ತಾ ಮಡಿಸತೊಡಗಿದರು. ಅವಳ ಎದೆ ಉಬ್ಬಿತು. ಆದರೆ ನಾಲ್ಕು ಹೆಜ್ಜೆ ನಡೆದು ಬಂದರೆ ಎದುರಿಗೆ ಯಾರದೋ ಕೈ; ಮೂಲೆ ಕೊಟ್ಟು ಸುಮ್ಮನೆ ಹಿಂದೆ ಸರಿಯುವ ಕೈ. ದಿನಾ ಸಂಜೆ ಫೋನಿನಲ್ಲಿ ಅವನು "ಊಟ ಆಯ್ತಾ? ಸುಸ್ತಾಯ್ತಾ?" ಎನ್ನುತ್ತಿದ್ದ. ಮತ್ತೇನೂ ಕೇಳುತ್ತಿರಲಿಲ್ಲ. ಬಾಯಿ ತುಂಬ ಮಾತಿದ್ದವನು ಹೀಗೆ ಎರಡೇ ಮಾತಿಗೆ ಬಂದದ್ದು ಅವಳಿಗೆ ತಡೆಯಲಾಗಲಿಲ್ಲ.

ಹನ್ನೊಂದನೇ ದಿನ ಅವಳಿಗೆ ರಜೆ. ಬೆಳಿಗ್ಗೆ ಟೀ ಕುಡಿಯುತ್ತಾ ಅಮ್ಮನಿಗೆ ಎಲ್ಲವನ್ನೂ ಹೇಳಿದಳು.

"ಅವನಾ?" ಅಮ್ಮ ಲೋಟ ಕೆಳಗಿಟ್ಟರು. "ಅವನಿಗೆ ಕೆಲಸಾನೇ ಸಿಗಲಿಲ್ವಲ್ಲೇ. ಈಗ ನೀನು ಹೋಟೆಲಲ್ಲಿರೋಳು. ಅವನು ನಿನಗೆ ಸಮ ಅಲ್ಲ."

ಅವಳಿಗೆ ನಗು ಬಂತು, ಸಿಟ್ಟೂ ಬಂತು. "ಹೋದ ತಿಂಗಳು ನಾನು ಯಾರಿಗೂ ಸಮ ಇರಲಿಲ್ಲ. ಈ ತಿಂಗಳು ನನಗೆ ಯಾರೂ ಸಮ ಇಲ್ವಾ ಅಮ್ಮ?"

ಅವಳು ತನ್ನ ಲೋಟ ತೊಳೆದಿಟ್ಟಳು.

"ನಾನು ಈಗ ಹೋಗಿ ಅವನನ್ನ ಕೇಳ್ತೀನಿ."

"ಹುಡುಗಿ ಆಗಿ ನೀನು ಕೇಳೋದೇನೇ? ಯಾರಾದ್ರೂ ಏನಂದ್ಕೋತಾರೆ?"

ಅವಳು ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು. ಅಮ್ಮ ಬಾಗಿಲಿಗೆ ಬೀಗ ಹಾಕಿ, ಗೊಣಗುತ್ತಾ ಹಿಂದೆಯೇ ಓಡಿದರು.

ಲಾಂಡ್ರಿಯ ಬಾಗಿಲಲ್ಲಿ ಇಬ್ಬರೂ ನಿಂತುಬಿಟ್ಟರು. ಒಳಗೆ ನಾಲ್ಕು ಜನ ಹೊಸಬರು. ಅವರ ನಡುವೆ ವಟವಟ. ಅಳುಮೋರೆಯ ಒಬ್ಬ ಹುಡುಗಿ ಬೆಡ್‌ಶೀಟನ್ನು ಆರನೇ ಸಲ ಕೆಳಗೆ ಬೀಳಿಸಿದಳು. "ಏನೂ ಆಗಿಲ್ಲ ಕಣಮ್ಮ," ಅವನು ಆರನೇ ಸಲವೂ ಬಗ್ಗಿ ಎತ್ತಿಕೊಟ್ಟ. "ನಾನು ಕಲಿಯೋವಾಗ ಎಷ್ಟು ಸಲ ಬೀಳಿಸಿದೆ ಗೊತ್ತಾ? ಟೀಚರ್‌ಗೆ ಲೆಕ್ಕ ತಪ್ಪಿಹೋಯ್ತು. ಬಾ, ಮತ್ತೆ ಮಾಡೋಣ." ಏಳನೇ ಸಲ ಆ ಹುಡುಗಿಗೆ ಬಂತು. ಅವಳಿಗಿಂತ ಹೆಚ್ಚು ಕುಣಿದವನು ಅವನೇ.

"ಈ ತಿಂಗಳಿಂದ ಹೊಸಬರಿಗೆಲ್ಲ ಇವನೇ ಮೇಷ್ಟ್ರು," ಪಕ್ಕಕ್ಕೆ ಬಂದ ಟೀಚರ್ ಅಮ್ಮನಿಗೆ ಹೇಳಿದರು. "ಸಂಬಳದ ಕೆಲಸ. ನನಗೆ ಇಷ್ಟು ತಾಳ್ಮೆ ಯಾವತ್ತೂ ಇರಲಿಲ್ಲ ಬಿಡಿ."

ಅವಳು ನೇರವಾಗಿ ಅವನ ಮುಂದೆ ಹೋಗಿ ನಿಂತಳು. "ನನಗೆ ಯಾಕೆ ಹೇಳಲಿಲ್ಲ?"

ಅವನ ಕಿವಿ ಕೆಂಪಾಯಿತು. "ಇದು ಹೋಟೆಲ್ ಅಲ್ವಲ್ಲ ಮಹಾರಾಣಿ. ನೀನು ಹೊರಗೆ ಗೆದ್ದು ಹೋದೆ. ನಾನು ಇಲ್ಲೇ ಉಳಿದೆ. ಯಾವ ಮುಖ ಇಟ್ಕೊಂಡು ಕೇಳಲಿ ಅಂತ..."

"ಹೋಟೆಲಿನವರು ಇಷ್ಟು ನಿಧಾನ ಆಗಲ್ಲ ಅಂದ್ರು. ಇಲ್ಲಿ ನಿನ್ನಷ್ಟು ನಿಧಾನ ಯಾರಿಗೂ ಬರಲ್ಲ. ಇದೂ ಕೆಲಸಾನೇ. ದೊಡ್ಡ ಕೆಲಸ." ಅವಳು ಗದ್ದ ಎತ್ತಿದಳು. "ನೀನು ಕೇಳಲ್ಲ ಅಂದ್ರೆ ನಾನೇ ಕೇಳ್ತೀನಿ. ನನಗೆ ನೀನು ಬೇಕು. ನನ್ನ ಮದುವೆ ಆಗ್ತೀಯಾ?"

ತೊಳೆಯುವ ಮೆಷಿನ್ನೊಂದು ಗುಡುಗುಡು ತಿರುಗುತ್ತಿತ್ತು. ಮಡಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿದ್ದರು. ಅವನು ಎದುರಿನ ಹುಡುಗಿಯನ್ನು ನೋಡಿದ, ಕೈಯಲ್ಲಿ ಅರ್ಧ ಮಡಿಸಿದ್ದ ಇನ್ನೊಂದು ಬೆಡ್‌ಶೀಟು ನೋಡಿದ, ಮಹಾರಾಣಿಯನ್ನು ನೋಡಿದ.

"ಒಂದು ನಿಮಿಷ ಇರು," ಎಂದ ಕೊನೆಗೆ. "ಇವಳದ್ದು ಅರ್ಧಕ್ಕೆ ಬಿಟ್ರೆ ಮರೆತುಬಿಡ್ತಾಳೆ."

ಟೀಚರ್ ಹಣೆ ಹಣೆ ಚಚ್ಚಿಕೊಂಡರು. ಅವಳು ಮಾತ್ರ ಕೈಕಟ್ಟಿ ಕಾದಳು. ಅವನನ್ನು ಅವಳು ಅಷ್ಟೊಂದು ಪ್ರೀತಿಸಿದ್ದು ಆ ಒಂದು ನಿಮಿಷದಲ್ಲೇ ಇರಬೇಕು. ಅವನು ಹುಡುಗಿಯ ಜೊತೆ ಕೊನೆಯ ಮಡಿಕೆಯವರೆಗೂ ಮಡಿಸಿ, ಅಟ್ಟಿಯ ಮೇಲಿಟ್ಟು, ಅಂಗೈಯಿಂದ ಒಮ್ಮೆ ಒತ್ತಿದ. ಆಮೇಲೆ ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಹೂಂ," ಎಂದ. "ಹೂಂ ಹೂಂ ಹೂಂ."

ಲಾಂಡ್ರಿಯೆಲ್ಲ ಚಪ್ಪಾಳೆ. ಗಲಾಟೆ ಕೇಳಿ, ಬಟ್ಟೆ ಒಯ್ಯಲು ಬಂದಿದ್ದ ನರ್ಸಿಂಗ್ ಹೋಮಿನ ಡ್ರೈವರ್ ಒಳಗೆ ಇಣುಕಿ ಏನಾಯಿತೆಂದು ವಿಚಾರಿಸಿದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಮದುವೆ ಗಟ್ಟಿಯಾಯ್ತಪ್ಪ. ಕೇಳಿದವಳು ನನ್ನ ಮಗಳು."