ಊಟದ ಕೋಣೆಯ ಬೀಸಣಿಗೆ

ಶನಿವಾರ ನಾನೂ ನನ್ನ ಹೆಂಡತಿ ವರ್ಲೀನಳೂ ಅಮೆರಿಕದ ಮಿಸಿಸಿಪ್ಪಿ ನದಿ ದಂಡೆಯ ನ್ಯಾಚೆಜ್ ಊರಿಗೆ ಹೋಗಿ, ಹತ್ತಿ ಸಾಹುಕಾರನೊಬ್ಬನ ಹಳೇ ಬಂಗಲೆಯಲ್ಲಿ ಇಳಿದುಕೊಂಡೆವು. ಈಗದು ವಸತಿಗೃಹ. ಹಿಂದೆ ಗುಲಾಮರು ಹಗ್ಗ ಜಗ್ಗಿ ಬೀಸುತ್ತಿದ್ದ ದೊಡ್ಡ ಮರದ ಬೀಸಣಿಗೆ ಊಟದ ಮೇಜಿನ ಮೇಲ್ಗಡೆ ಚಾವಣಿಯಿಂದ ಹಾಗೇ ಇಳಿಬಿದ್ದಿತ್ತು. ಹಗ್ಗ ಮಾತ್ರ ಇರಲಿಲ್ಲ.

ಮಧ್ಯಾಹ್ನ ಮೀನು ತಿನ್ನುವಾಗ ಕುತ್ತಿಗೆಗೆ ತಣ್ಣನೆ ಗಾಳಿ ತಾಗಿತು. ತಲೆಯೆತ್ತಿದರೆ ಬೀಸಣಿಗೆ ಮೆಲ್ಲಗೆ ತೂಗುತ್ತಿತ್ತು. ವಸತಿಗೃಹದ ಒಡತಿ ಮಾಡಿಸಿದ ಏನೋ ಏರ್ಪಾಡು ಅಂದುಕೊಂಡೆ.

"ಇನ್ನೊಂಚೂರು ಜೋರಾಗಿ ಬೀಸೋ!" ಎಂದು ತಮಾಷೆ ಮಾಡಿದೆ.

ಅದು ಜೋರಾಯಿತು. ಖಾಲಿ ಮೂಲೆಯಲ್ಲಿ ಯಾರೋ ಏದುಸಿರು ಬಿಡುವುದು ಕೇಳಿಸಿತು.

"ಸಾಕು ಅನ್ರೀ, ಪಾಪ!" ಎಂದಳು ವರ್ಲೀನ್. ಅವಳ ಮುಖ ಬಿಳುಚಿಕೊಂಡಿತ್ತು.

"ಸಾಕಪ್ಪಾ, ನಿಲ್ಸು. ನನ್ನದು ತಪ್ಪಾಯ್ತು," ಎಂದೆ.

ಬೀಸಣಿಗೆ ನಿಲ್ಲಲಿಲ್ಲ. ಏದುಸಿರು ಹೆಚ್ಚುತ್ತಲೇ ಹೋಯಿತು. ನಾವು ತಟ್ಟೆ ಬಿಟ್ಟು ಎದ್ದಮೇಲಷ್ಟೇ ಎರಡೂ ನಿಂತವು.

ಚೀಲ ಎತ್ತಿಕೊಂಡು ಕಾರು ಹತ್ತಿದಾಗ ಊಟದ ಕೋಣೆಯ ಕಿಟಕಿಯಲ್ಲಿ ಕಂಡಿತು: ಆಗಷ್ಟೇ ಬಂದ ದೊಡ್ಡ ಸಂಸಾರವೊಂದು ನಗುತ್ತಾ ಆ ಮೇಜಿಗೆ ಕೂರುತ್ತಿತ್ತು.

"ಹೋಗಿ ಹೇಳ್ರೀ ಅವರಿಗೆ."

"ಏನಂತ ಹೇಳ್ಲಿ?" ಎಂದೆ.

ಬೀಸಣಿಗೆ ತೂಗತೊಡಗಿತು. ನಾನು ಕಾರು ಹೊರಡಿಸಿದೆ.